ಎತ್ತಿನ ಮುಖ

ದಕ್ಕೆಯ ಐಸ್ ಪ್ಲಾಂಟಿನ ಮಹಡಿಯಲ್ಲಿ ಸಂಜೆ ಆರಕ್ಕೆ ಕ್ಲಾಸು.
ಕೆಳಗೆ ಯಂತ್ರ ಮಂಜುಗಡ್ಡೆ ಜಗಿಯುತ್ತಿರುತ್ತದೆ.
ಅದು ಬಾಯಿ ಮುಚ್ಚಿದಾಗ
ನಾನು ಬಾಯಿ ತೆರೆಯುತ್ತೇನೆ.

ಪಿಯುಸಿಯಲ್ಲಿ ಇಂಗ್ಲಿಷಿಗೇ ಎರಡು ಸಲ ಡುಮ್ಕಿ ಹೊಡೆದವನು,
ಹಗಲಿಡೀ ಮೀನಿನ ಬಾಕ್ಸಿನ ಲೆಕ್ಕ ಬರೆಯುವ ರೈಟರು.
ಮಕ್ಕಳಿಗೆ ಇದು ಗೊತ್ತಿಲ್ಲ.
ಮುಬಶ್ಶಿರನಿಗೆ ಮಾತ್ರ ಗುಮಾನಿ.

ಎಫ್ ಫಾರ್ ಫಿಶ್, ಎಂದೆ.
"ಯಾವ ಮೀನು?"
ಬಂಗುಡೆಯಾ, ಬೂತಾಯಿಯಾ, ನಂಗಾ, ಕೊಡ್ಡಾಯಿಯಾ,
ನಿನ್ನೆ ಮಾವನ ಬಲೆ ಹರಿದ ತೊರಕೆಯಾ?
ಎಲ್ಲವೂ ಫಿಶ್ಶೇ ಮಾರಾಯಾ.
ಕೊನೆಯ ಫೆರಿ ಹಿಡಿಯಬೇಕಾದ ಬೆಂಗ್ರೆಯ ಹುಡುಗ
ಚೀಲ ಹೆಗಲಿಗೇರಿಸುತ್ತಾ ಕೇಳಿದ:
"ಹಾಗಾದ್ರೆ ಅವ್ರಿಗೆ ರೇಟು ಹೇಗೆ ಗೊತ್ತಾಗ್ತದೆ ಸಾರ್?"
ಪುಣ್ಯಕ್ಕೆ ಯಂತ್ರ ಶುರುವಾಯಿತು.

ದ್ಯಾಮವ್ವ ಪ್ರಶ್ನೆ ಕೇಳುವವಳಲ್ಲ.
ಕುಷ್ಟಗಿ ಕಡೆಯವಳು. ಅವ್ವ ನಸುಕಿನಿಂದ ಸಿಗಡಿ ಸುಲಿಯುತ್ತಾಳೆ,
ಅಪ್ಪ ಐಸು ಹೊರುತ್ತಾನೆ.
ಎಂ ಬರೆ ಎಂದರೆ ಡಬ್ಲ್ಯು ಬರೆಯುತ್ತಾಳೆ,
ಎ ಬರೆದರೆ ಕೊಂಬು ಮೇಲೆ, ಗದ್ದ ಕೆಳಗೆ.
ಹಿಂದೆ ನಿಂತು, ಕೈ ಹಿಡಿದು, ತಿದ್ದಿ ತಿದ್ದಿ ಸಾಕಾಯಿತು.
"ಎತ್ತಿನ ಮುಖ ಐತ್ರೀ ಸರ."

ಕಣ್ಣು ತೋರಿಸಲು ಹೇಳೋಣವೆಂದು
ಒಂದು ಭಾನುವಾರ ಶೆಡ್ಡಿಗೆ ಹೋದೆ.
ಎಕ್ಸ್‌ಪೋರ್ಟ್ ಪೆಟ್ಟಿಗೆಯ ರಟ್ಟಿನ ಗೋಡೆ.
ಅದರ ಮೇಲೆ ದಪ್ಪ ನೀಲಿ ಅಕ್ಷರ, ತಲೆಕೆಳಗಾಗಿ:
ದಿಸ್ ಸೈಡ್ ಅಪ್.
ಬಾಣ ನೆಲ ತೋರಿಸುತ್ತಿತ್ತು.
ಅವಳ ಚಾಪೆಯಿಂದ ಒಂದೇ ಗೇಣು;
ನಿದ್ದೆ ಹತ್ತುವ ತನಕ ಬೆರಳಾಡಿಸಿ ಆಡಿಸಿ
ಅಷ್ಟು ಜಾಗ ನುಣ್ಣಗಾಗಿತ್ತು.
ನನಗಿಂತ ಮೂರು ವರ್ಷ ಮೊದಲೇ
ಪಾಠ ಶುರುವಾಗಿತ್ತು ಇಲ್ಲಿ.

"ಈ ಬದಿ ಮೇಲೆ ಅಂತ ಬರೆದಿದೆ," ಎಂದೆ.
ಅವಳಪ್ಪ ಗೋಡೆ ನೋಡಿದ, ನನ್ನನ್ನು ನೋಡಿದ.
"ಮಳಿಗಾಲ ಮುಗೀಲಿ ಸರ, ತಿರುವಿ ಹಾಕ್ತೀನಿ.
ಈಗ ಮುಟ್ಟಿದ್ರ ಟಾರ್ಪಾಲು ಮೈಮ್ಯಾಲ ಬೀಳತೈತಿ."
ಚಾ ಕೊಟ್ಟರು. ಕಣ್ಣಿನ ವಿಷಯ ಎತ್ತಲಿಲ್ಲ.

ಸೋಮವಾರ ಅವಳ ಹಿಂದೆ ನಿಲ್ಲದೆ
ಎದುರಿಗೆ, ನೆಲದ ಮೇಲೆ ಕೂತೆ.
ನಮ್ಮಿಬ್ಬರ ನಡುವೆ ಸ್ಲೇಟು.
ನಾಲಿಗೆ ತುದಿ ಕಚ್ಚಿಕೊಂಡು ಬರೆದಳು.
ನನ್ನ ಕಡೆಯಿಂದ ನೋಡಿದರೆ
ಎ, ಒಂದು ಗೆರೆಯೂ ತಪ್ಪಿರಲಿಲ್ಲ.
ರೈಟ್ ಹಾಕಿದೆ.
ಅವಳ ಕಡೆ ಎತ್ತು ಹಾಗೇ ನಿಂತಿತ್ತು, ಕೊಂಬು ಎತ್ತಿ.

"ಎತ್ತಿಗೆ ಇಂಗ್ಲಿಷಲ್ಲಿ ಎಂತ ಸಾರ್?" ಮುಬಶ್ಶಿರ್.
ಹೇಳಿದೆ. ಅಷ್ಟರಲ್ಲಿ ಯಂತ್ರ ಶುರುವಾಗಿ
ಯಾರಿಗೆ ಕೇಳಿಸಿತೋ, ಯಾರಿಗಿಲ್ಲವೋ.