ಜಾಳು

ಹುಬ್ಬಳ್ಳಿಯಿಂದ ತಂದ ಎಕ್ಸ್‌ರೇ ಹಾಳಿ
ಅಪ್ಪ ಬೆಳಕಿಂಡಿಗೆ ಹಿಡಿದು ನಿಂತಾನ
ನೇಯ್ದ ಸೀರಿ ಸೆರಗು ನೋಡೂ ಹಂಗ:
ತಲಿ ಒಂದೀಟು ಓರಿ, ಒಂದು ಕಣ್ಣು ಮುಚ್ಚಿ.

ನನ್ನ ಎಡಗಾಲು ಅದು.
ಬೆಟಗೇರಿ ಸಂತಿ ದಿನ, ಕಂಡಿಕಿ ಬುಟ್ಟಿ ಹೊತ್ತು
ಎರಡು ಪಾವಟಿಗಿ ಇಳದೆ. ಬೀಳಲಿಲ್ಲ, ಎಡವಲಿಲ್ಲ.
ಒಳಗ ಒಂದು ಎಳಿ ಹರಿದ ಸದ್ದು.

"ಇಪ್ಪತ್ತೆರಡರ ಹುಡುಗಿ," ಡಾಕ್ಟರಬಾಯಿ
ಇನ್ನೊಂದು ಮಷೀನಿನ ಚೀಟಿ ತಿರುವಿದಳು,
"ಎಲುಬು ಮಾತ್ರ ನಿಮ್ಮ ಆಯಿಕಿಂತ ಮುದುಕಿ."
ಆಮ್ಯಾಲೆ ದನಿ ಇಳಿಸಿ ಕೇಳಿದಳು
ಮುಟ್ಟು ನಿಂತು ಎಷ್ಟು ತಿಂಗಳಾತು ಅಂತ.
ಅವ್ವ ನನ್ನ ಮಾರಿ ನೋಡಿದಳು.
ನಾ ಗ್ವಾಡಿಯ ಕ್ಯಾಲೆಂಡರ್ ನೋಡಿದೆ.

ಎಷ್ಟು ಸುಳ್ಳು ನೇಯ್ದೆ ಈ ಮನಿಯಾಗ!
ಕಾಲೇಜಿನ್ಯಾಗ ಉಂಡೆ. ಗೆಳತಿ ಮನ್ಯಾಗ ಉಂಡೆ.
ಇವತ್ತು ಸೋಮವಾರ. ಇವತ್ತು ಹೊಟ್ಟಿ ನೋವು.
ರೊಟ್ಟಿ ಮುರದು ಮುರದು ತಾಟಿನ ಅಂಚಿಗೆ ಸರಿಸಿ
ಉಂಡಂಗ ಕಾಣೂದೂ ಒಂದು ಕಸಬು.
ಬಾಜೂ ಮನಿ ಆಡು ನನ್ನಿಂದಲೇ ದಪ್ಪಾತು.
ಖಾಲಿ ಹೊಟ್ಟಿಯ ಹಗುರ ಗೆದ್ದಂಗ ಅನಸ್ತಿತ್ತು,
ಯಾರನ್ನ ಗೆದ್ದೆ, ಕೇಳಬ್ಯಾಡ್ರಿ.
ಒಳಗ ಎಲುಬು ತನ್ನ ಸುಣ್ಣಾ ತಾನೇ ಕೆರೆದು
ರಕ್ತಕ್ಕ ಕೊಡತಿತ್ತಂತ, ಗುಂಡಿಗಿ ಬಡೀಲಿ ಅಂತ,
ನನಗ ಒಂದು ಮಾತು ಹೇಳದೇ.

ಕುಬೇರಪ್ಪ, ಹೆಸರು ಹಂಗ, ಮಗ್ಗ ಎರಡೇ,
ಹಾಳಿ ಇಳಿಸಿದ. "ಜಾಳಾಗೇತಿ," ಅಂದ.
ಬೈಲಿಲ್ಲ. ಉಣ್ಣು ಅನಲಿಲ್ಲ.
ಉಣ್ಣು ಅಂದವರು ಭಾಳ ಮಂದಿ.
ಕುಣಿಯಾಗ ಕಾಲಿಳಿಬಿಟ್ಟು ಕುಂತು
ಹಾಸಿನ ಎಳಿ ಸವರಿಕೋತ ಅಂದ:
"ಗಂಜಿ ಕಾಣದ ನೂಲು, ರುಕ್ಕವ್ವ,
ಮಗ್ಗಕ್ಕ ಏರಿಸಿದರ ಹರೀತೈತಿ.
ನೂಲಿನ ತಪ್ಪಲ್ಲ ಅದು.
ನಾ ನೂಲನ್ನ ಎಂದೂ ಬೈದಿಲ್ಲ."

ಹೋದ ಎಲುಬು ಪೂರಾ ತಿರುಗಿ ಬರೂದಿಲ್ಲಂತ.
ಒಂದಿಷ್ಟು ಬರ್ತೈತಂತ, ಬರೇ ಗುಳಿಗಿಯಿಂದಲ್ಲ,
ಊಟದಿಂದ, ವರ್ಷಗಟ್ಟಲೆ.

ಸಂಜಿಮುಂದ ಅವ್ವ ತಾಟು ಇಟ್ಟು ಹೋದಳು:
ಬಿಸಿ ರೊಟ್ಟಿ, ಗುರೆಳ್ಳು ಹಿಂಡಿ, ಗಟ್ಟಿ ಮೊಸರು.
ಪ್ಲಾಸ್ಟರ್ ಕಾಲು ಮಣಿ ಮ್ಯಾಲೆ.
ಮದಲನೇ ತುತ್ತು ಬಾಯಾಗ ನೂಲಿನ ಉಂಡಿ,
ಒಳಗೂ ಹೋಗವಲ್ದು, ಹೊರಗೂ ಬರವಲ್ದು.
ಅಂಜಿಕಿ ಇನ್ನೂ ಎದುರಿಗೇ ಕುಂತೈತಿ
ಬೀಗರಂಗ, ಕದಲದೇ.
ಅಗದೆ. ಮತ್ತ ಅಗದೆ.
ಅರ್ಧ ರೊಟ್ಟಿ ಆತು. ಇನ್ನರ್ಧ ಐತಿ.

ಒಳಗ ಲಾಳಿ ಸದ್ದು ಗಪ್ಪನ ನಿಂತೈತಿ.
ಅಪ್ಪ ಕಂಡಿಕಿ ಬದಲಸಾಕತ್ತಾನೋ,
ನಾ ಅಗಿಯೂ ಸದ್ದು ಕೇಳಾಕತ್ತಾನೋ.