ಬೆಳ್ಳಿ ಕಪ್ಪು

ಪ್ರತಿ ಮೇ ತಿಂಗಳ ಎರಡನೆಯ ಸೋಮವಾರ
ಡೊರೀನ್ ಎಂಟ್‌ವಿಸ್ಲ್ ಅದನ್ನು ತರಕಾರಿ ಚೀಲದಲ್ಲಿ ತರುತ್ತಾಳೆ,
ಮೇಲೊಂದು ಕಟ್ಟು ಈರುಳ್ಳಿ ಸೊಪ್ಪು ಮುಚ್ಚಿ, ಕಳ್ಳರ ಕಣ್ಣಿಗೆ.

ಲ್ಯಾಂಕಶೈರಿನ ಥಾರ್ನ್‌ಶಾ, ಬಸ್ ನಿಲ್ದಾಣದ ಪಕ್ಕ
ನನ್ನದು ಎಂಟಡಿ ಅಂಗಡಿ:
ಕೀಲಿಕೈ, ಷೂ ಹಿಮ್ಮಡಿ, ಗಡಿಯಾರದ ಬ್ಯಾಟರಿ,
ಮತ್ತೆ ಕೆತ್ತನೆ, ಅಕ್ಷರಕ್ಕೆ ನಲವತ್ತು ಪೆನ್ನಿ.
ಇದಕ್ಕೆ ಮಾತ್ರ ಕಾಸಿಲ್ಲ. ಅಜ್ಜ ಕೊಟ್ಟ ಮಾತು.

ಬರುವಾಗ ಕಪ್ಪು ಕಪ್ಪಾಗಿರುತ್ತದೆ,
ವರ್ಷವಿಡೀ ಯಾವುದೋ ಬಾರಿನ ಕಪಾಟಿನಲ್ಲಿ
ಚಿಪ್ಸ್ ಕರಿದ ಹಬೆ ಕುಡಿದು.

ಮೊದಲಿಗೆ ಇದು ಚೆಂಡಿನದ್ದೇ ಅಲ್ಲ.
ಕಹಳೆ ಮೇಳಗಳ ಸ್ಪರ್ಧೆಗೆಂದು
ಬೋಟಿ ಅಂಗಡಿಯ ಎಜ್ರಾ ಆರ್ಮರಾಡ್ ಮಾಡಿಸಿದ್ದು.
ಮೇಳದವರು ಜಗಳವಾಡಿ ಚದುರಿದರು, ಬೆಳ್ಳಿ ಉಳಿಯಿತು.
ಹುಡುಗರು ಆಡಿಕೊಳ್ಳಲಿ ಬಿಡಿ, ಅಂದನಂತೆ,
ಆದರೆ ಕರೆದವರಷ್ಟೇ ಬರಬೇಕು,
ಮದುವೆಗೆ ಬಂದ ಹಾಗೆ, ಕೈಯಲ್ಲಿ ಓಲೆ ಹಿಡಿದು.
ಏಳು ಊರಿಗೆ ಏಳು ಓಲೆ. ಎಂಟನೆಯವರು ನಾವು.

ಮೂವತ್ತಮೂರರಲ್ಲಿ ಅಜ್ಜನ ಉಳಿ ಜಾರಿ
ಗೆದ್ದವರ ಹೆಸರಲ್ಲಿ ಒಂದು ‘ಎಲ್’ ಕಡಿಮೆಯಾಯಿತು.
ಮುನಿಸಿಕೊಂಡು ಆರು ವರ್ಷ ಬರಲಿಲ್ಲ ಆ ಊರು.
ಓಲೆ ತಪ್ಪದೆ ಹೋಯಿತು.
ಆಮೇಲೆ ಯುದ್ಧ ಬಂತು, ಮುನಿಸಿಗೆ ಪುರುಸೊತ್ತಾಗಲಿಲ್ಲ.

ಅದರ ಹಿಂದಿನ ಯುದ್ಧದ್ದು ಬೇರೆ.
ಅಲ್ಲಿ ನಾಲ್ಕು ವರ್ಷ ಬರಿ ಬೆಳ್ಳಿ, ಬೆರಳು ಜಾರುತ್ತದೆ.
ಹತ್ತೊಂಬತ್ತರ ವಸಂತ, ಹಳೆ ವಿಳಾಸಕ್ಕೇ ಓಲೆ ಹಾಕಿದರು.
ಮೂರಕ್ಕೆ ಉತ್ತರವಿಲ್ಲ.
ಹೆಲ್ಡ್‌ಕ್ಲಫ್ ಗಿರಣಿಯವರು ಬರೆದರು:
ಕರೆದಿರಿ, ಸಂತೋಷ. ನಾವು ಉಳಿದಿರುವುದು ನಾಲ್ವರು.
ಮರುಟಪಾಲಿಗೆ ಒಂದೇ ಸಾಲು: ನಾಲ್ವರೇ ಬನ್ನಿ.

ಬಂದರು. ನಮ್ಮೂರ ಏಳು ಹುಡುಗರು
ಅವರ ಹಳದಿ ಅಂಗಿ ತೊಟ್ಟರು,
ಸತ್ತವರ ಅಂಗಿ, ತಾಯಂದಿರು ಒಗೆದು ಮಡಿಸಿ ಕಳಿಸಿದ್ದು.
ಒಬ್ಬನಿಗೆ ತೋಳು ಉದ್ದ, ಒಬ್ಬನಿಗೆ ಎದೆ ಬಿಗಿ.
ತಮ್ಮೂರಿನ ಎದುರೇ ಆಡಿದರು,
ಒಡಹುಟ್ಟಿದವನ ಕಾಲಿನಿಂದ ಚೆಂಡು ಕಸಿದು,
ಗೆದ್ದೂ ಬಿಟ್ಟರು. ಎರಡು, ಒಂದು.
ಯಾರೂ ಕೂಗಲಿಲ್ಲವಂತೆ. ಯಾರೋ ಟೋಪಿ ತೆಗೆದನಂತೆ,
ಚಳಿಗೆ ಮತ್ತೆ ಹಾಕಿಕೊಂಡನಂತೆ.
ಕಪ್ಪಿನ ಮೇಲೆ ಹೆಲ್ಡ್‌ಕ್ಲಫ್ ಅಂತಲೇ ಇದೆ.

ಈಗ ಗಿರಣಿ ಇದ್ದಲ್ಲಿ ಸೋಫಾ ಮಾರುತ್ತಾರೆ.
ಆದರೂ ಡೊರೀನ್ ಓಲೆ ಬರೆಯುತ್ತಾಳೆ, ನೀಲಿ ಶಾಯಿಯಲ್ಲಿ,
ಮೊದಲ ದರ್ಜೆಯ ಅಂಚೆಚೀಟಿ ಹಚ್ಚಿ.
ವಾರದೊಳಗೆ ತಿರುಗಿ ಬರುತ್ತದೆ.
ದುಡ್ಡು ದಂಡವಲ್ಲವೇ, ಅಂದೆ.
ಚೀಲದಿಂದ ಸೊಪ್ಪು ಎತ್ತಿಕೊಂಡು
ಸೂಪು ಮಾಡಬೇಕು, ಹೊರಟೆ, ಅಂದಳು.

ಈ ಸಲ ಗೆದ್ದವರು ಹನ್ನೊಂದು ವರ್ಷದ ಹುಡುಗಿಯರು.
ಹೆಸರಿಗೆ ಜಾಗ ಹುಡುಕುತ್ತ ತಿರುಗಿಸಿದೆ.
ನೂರಾ ಮೂವತ್ತು ವರ್ಷ ಉಜ್ಜಿ ಉಜ್ಜಿ
ಮೊತ್ತಮೊದಲು ಗೆದ್ದವರೇ ಸವೆದಿದ್ದಾರೆ.
ಕಣ್ಣಿಗೆ ಕಾಣದು. ಹೆಬ್ಬೆರಳು ಒದ್ದೆ ಮಾಡಿ ಆಡಿಸಿದರೆ
ಒಂದು ‘ಬಿ’ ಇದ್ದ ಹಾಗೆ, ಅಥವಾ ಎಂಟು.

ಪಾಲಿಷ್ ಡಬ್ಬಿಗೆ ಮುಚ್ಚಳ ಹಾಕಿದೆ.
ಸ್ವಲ್ಪ ಕಪ್ಪು ಇರಲಿ.