ಮಿಸ್

ಗ್ರಿಮ್ಸ್‌ಬಿಯಲ್ಲಿ ಮಂಗಳವಾರ ಸಂಜೆ ಏಳಕ್ಕೆ
ಹಳೆಯ ಬ್ಯಾಂಕಿನ ಮೇಲಂತಸ್ತಿನಲ್ಲಿ ಹೀಟರು ಹಚ್ಚುತ್ತೇನೆ.
ಅದು ಬಿಸಿಯಾಗುವಷ್ಟರಲ್ಲಿ ಪಾಠ ಮುಗಿದಿರುತ್ತದೆ.
ಮೀನಿನ ಕಾರ್ಖಾನೆಯಿಂದ ನೇರ ಬರುತ್ತಾರೆ ಎಲ್ಲರೂ.
ನಿಂಬೆರಸ ಹಾಕಿ ಎಷ್ಟು ತಿಕ್ಕಿದರೂ
ಹ್ಯಾಡಕ್ ಮೀನಿನ ವಾಸನೆ ಬೆರಳ ಸಂದಿಯಲ್ಲೇ ಕೂತಿರುತ್ತದೆ.
ನನಗದು ಹೊಸತಲ್ಲ. ಹುಟ್ಟಿದ್ದೇ ಆ ವಾಸನೆಯೊಳಗೆ.

ಮೂವತ್ತೊಂದು ವರ್ಷ ಬಂದರಿನ ಕಚೇರಿಯಲ್ಲಿ
ಪೆಟ್ಟಿಗೆ ಎಣಿಸಿ ರಸೀತಿ ಬರೆದವಳು ನಾನು,
ವ್ಯಾಕರಣ ನನಗೂ ಅಷ್ಟಕ್ಕಷ್ಟೇ.
ಆದರೂ ಇವರ ಪಾಲಿಗೆ ಮಿಸ್.
ಡೋರೀನ್ ಅನ್ನಿ ಸಾಕು ಎಂದರೆ
ತಲೆಯಾಡಿಸಿ ‘ಆಯಿತು ಮಿಸ್’ ಅನ್ನುತ್ತಾರೆ.

ಕಳೆದ ವಾರ ಬಾರೋ, ಲೆಂಡ್.
‘ಮಿಸ್, ನನಗೆ ಪೆನ್ನು ಬಾರೋ ಮಾಡಿ’ ಎಂದು ಕೈಯೊಡ್ಡಿದ ರಿಮಾಂತಸ್.
ಕೊಡುವವಳದು ಲೆಂಡ್, ಇಸಕೊಳ್ಳುವವನದು ಬಾರೋ,
ಪೆನ್ನು ಅದೇ, ಕೈ ಮಾತ್ರ ಬೇರೆ ಅಂತ
ನಾಲ್ಕು ಸಲ ಪೆನ್ನು ಅತ್ತಿಂದಿತ್ತ ಓಡಾಡಿತು.
ಅವನಿಗೆ ಅರ್ಥವಾಯಿತು. ಪೆನ್ನು ವಾಪಸು ಬರಲಿಲ್ಲ.
(ಅದಕ್ಕೆ ಬೇರೆಯೇ ಶಬ್ದವಿದೆ. ಹೇಳಿಕೊಡಲಿಲ್ಲ.)

ಈ ವಾರ ಅದೇರಿತು ತಡವಾಗಿ ಬಂದ, ಏದುಸಿರು.
ತಿಮೋರಿನ ಹುಡುಗ, ಮೀನಿಗೆ ಹೊಗೆ ಹಾಕುವ ಕಡೆ ರಾತ್ರಿಪಾಳಿ.
‘ಸಾರಿ ಮಿಸ್, ಐ ಲಾಸ್ಟ್ ದ ಬಸ್.’
‘ಎಲ್ಲಿ ಬೀಳಿಸಿದೆ? ಜೇಬು ನೋಡಿಕೋ’ ಎಂದ ರಿಮಾಂತಸ್.
ಅವನು ನಿಜಕ್ಕೂ ಜೇಬು ಹೊರಗೆಳೆದು ತೂತು ತೋರಿಸಿದ.
ಎಲ್ಲರೂ ನಕ್ಕೆವು.

ಬೋರ್ಡಿನ ನಡುವೆ ಗೆರೆ ಎಳೆದೆ.
ಈ ಕಡೆ ಲೂಸ್: ಕೈಯಲ್ಲಿತ್ತು, ಈಗಿಲ್ಲ.
ಕೈಗವಸು, ಕೀಲಿ, ಕೆಲಸ, ಹಲ್ಲು.
ಆ ಕಡೆ ಮಿಸ್: ನೀನು ಹೋದೆ, ಅದು ಹೊರಟಿತ್ತು.
ಬಸ್ಸು. ಗುರಿ. ಊಟದ ಹೊತ್ತು.
ಅದೇ ಕಡೆ ಇನ್ನೂ ಒಂದು ಮಿಸ್ ಇದೆ:
ಇಲ್ಲಿಲ್ಲದ್ದು ಎದೆಯೊಳಗೆ ಜಗ್ಗುವುದು.
ಅಮ್ಮನ ಅಡುಗೆ, ಅಂದರು ಯಾರೋ. ಬಿಸಿಲು, ಇನ್ಯಾರೋ.
‘ಮತ್ತೆ ನೀವು?’ ಎಂದ ಅದೇರಿತು.
ನಾನು ಮೂರನೆಯ ಮಿಸ್, ಅದಕ್ಕೆ ಸಂಬಳವಿಲ್ಲ.

ಒಂದೊಂದು ವಾಕ್ಯ ಬರೆಯಿರಿ ಎಂದೆ.
ಇಖ್ಲಾಸ್ ಬರೆದದ್ದು ಪೆನ್ಸಿಲಿನಲ್ಲಿ, ಒತ್ತಿ,
ಕೆಳಗಿನ ಹಾಳೆಗೂ ಮೂಡುವ ಹಾಗೆ:
ಐ ಲೂಸ್ ಮೈ ಬ್ರದರ್ ಎವ್ರಿ ಡೇ.

ಹಿರಿಯನೋ ಕಿರಿಯನೋ ನಮ್ಮ ಭಾಷೆ ಕೇಳುವುದಿಲ್ಲ, ನಾನೇ ಕೇಳಿದೆ.
ಕಿರಿಯವನು.
ಕೆಂಪು ಪೆನ್ನಿನ ಮುಚ್ಚಳ ತೆಗೆದಿದ್ದೆ. ತಪ್ಪು ಸಣ್ಣದು,
ನಾಲ್ಕಕ್ಷರ ಹೊಡೆದು ನಾಲ್ಕಕ್ಷರ ಬರೆದರೆ ಮುಗಿಯಿತು.
‘ಇಲ್ಲಿ ಮಿಸ್ ಅಲ್ಲವೇ?’ ಎಂದೆ.
ಅವಳು ಫೋನು ಮೇಜಿನ ಮೇಲಿಟ್ಟಳು.
ಸುಡಾನಿನ ನಂಬರಿಗೆ ನಲವತ್ತಾರು ಕರೆ.
‘ಅವನ ಫೋನಿನಲ್ಲಿ ಇವು ಮಿಸ್ಡ್ ಕಾಲ್. ಫೋನು ಇದ್ದರೆ.
ಇದ್ದಾನೋ ಇಲ್ಲವೋ ಗೊತ್ತಿಲ್ಲದವನು
ಗೆರೆಯ ಯಾವ ಕಡೆ, ಮಿಸ್?’

ನನಗಾಗ ಏಳು ವರ್ಷ. ಕಂಪನಿಯವನು ಬಾಗಿಲಲ್ಲಿ ಟೊಪ್ಪಿ ತೆಗೆದು
ಅಮ್ಮನಿಗೆ ಹೇಳಿದ: ಹಡಗು ಲಾಸ್ಟ್, ಇಪ್ಪತ್ತು ಜನರೂ ಲಾಸ್ಟ್.
ಕಳೆದದ್ದನ್ನು ಹುಡುಕಬೇಕು, ಅಷ್ಟು ನನಗೆ ಗೊತ್ತಿತ್ತು.
ಮಂಚದ ಕೆಳಗೆ, ಕಲ್ಲಿದ್ದಲ ಗೂಡಿನಲ್ಲಿ,
ಕೊನೆಗೆ ಬಂದರಿನ ಐಸಿನ ರಾಶಿಯ ಹಿಂದೆ
ಅಪ್ಪನನ್ನು ಹುಡುಕಿ ಒದ್ದೆ ಕಾಲುಚೀಲದಲ್ಲಿ ಮನೆಗೆ ಬಂದೆ.
ಯಾರೂ ತಿದ್ದಲಿಲ್ಲ.
ಇಂಗ್ಲಿಷು ನನ್ನ ತಾಯಿನುಡಿ.

ಮುಚ್ಚಳ ಹಾಕಿದೆ. ಅವಳ ವಾಕ್ಯದ ಕೊನೆಗೆ
ಚುಕ್ಕಿ ಇರಲಿಲ್ಲ. ಅದನ್ನೂ ಇಡಲಿಲ್ಲ.
ಅಷ್ಟು ಹೊತ್ತಿಗೆ ಹೀಟರು ಬಿಸಿಯಾಗಿತ್ತು,
ಸುತ್ತ ನಿಂತು ಕೈ ಕಾಯಿಸಿದೆವು, ಮೀನಿನ ವಾಸನೆ ಮೇಲೆದ್ದಿತು.
ಇಖ್ಲಾಸ್ ಫೋನನ್ನು ಅಂಗೈಯಲ್ಲಿ ಬೋರಲು ಹಿಡಿದಿದ್ದಳು.

ಕೋಟಿನೊಳಗೆ ಒಂದೇ ತೋಳು ತೂರಿಸಿ ಮೆಟ್ಟಿಲಿಳಿಯುತ್ತ
‘ಐ ವಿಲ್ ಮಿಸ್ ದ ಬಸ್, ಮಿಸ್!’ ಎಂದು ಕೂಗಿದ ಅದೇರಿತು.
ಸರಿಯಾಗಿತ್ತು. ಹೇಳೋಣವೆಂದು ಕಿಟಕಿ ತೆಗೆದೆ.
ಚಳಿಯಲ್ಲಿ ಓಡುತ್ತಿದ್ದ, ಕೋಟಿನ ಇನ್ನೊಂದು ತೋಳು ಹಿಂದೆ ಹಾರುತ್ತಿತ್ತು,
ಬಸ್ಸು ಇನ್ನೂ ನಿಂತಿತ್ತು.